ಬೆರಳ ಗುರುತಿನ ಡಾಲರ್

ನನಗೆ ಬಡಾಯಿ ಕೊಚ್ಚಿಕೊಳ್ಳುವ ಚಟವಿದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಮುಂದೆ ಆದದ್ದೆಲ್ಲ ಅದರಿಂದಲೇ. ಸಿಗರೇಟಿಲ್ಲ, ಕುಡಿತವಿಲ್ಲ, ಜಪಾನಿಗೆ ಬಂದು ಒಂಬತ್ತು ವರ್ಷವಾದರೂ ಆಫೀಸಿನವರ ಪಾರ್ಟಿಯಲ್ಲಿ ಊಲಾಂಗ್ ಚಹಾ ಹಿಡಿದು ಕೂರುವವನು ನಾನು. ಆದರೆ ನಾಲ್ಕು ಜನ ನನ್ನೆದುರು ನಿಂತು ಅಬ್ಬಾ ಅಂದುಬಿಟ್ಟರೆ ಸಾಕು, ಇದ್ದದ್ದರ ಜೊತೆಗೆ ಇಲ್ಲದ್ದನ್ನೂ ಸೇರಿಸಿ ಹೇಳಿಬಿಡುತ್ತೇನೆ.

ಹಾಗೆ ಅಬ್ಬಾ ಅನ್ನಿಸಿಕೊಳ್ಳಲು ನಾನು ಹಿಡಿದ ದಾರಿ ಅಮೆರಿಕದ ಬೆಳ್ಳಿ ಡಾಲರುಗಳದ್ದು. ಹಳೆಯ ಕಾಲದವಲ್ಲ. ಎಂಬತ್ತರ ದಶಕದಿಂದ ಈಚೆಗೆ ಅಮೆರಿಕದ ಟಂಕಸಾಲೆ ಒಲಿಂಪಿಕ್ಸಿನ ನೆನಪಿಗೆ, ಸಂವಿಧಾನದ ನೆನಪಿಗೆ, ಯಾವುದೋ ದೊಡ್ಡ ಮನುಷ್ಯನ ನೆನಪಿಗೆ ಎಂದು ಬೆಳ್ಳಿ ನಾಣ್ಯಗಳನ್ನು ಹೊರತರುತ್ತ ಬಂದಿದೆ. ಅಂಗಡಿಯಲ್ಲಿ ಕೊಟ್ಟು ಸಾಮಾನು ತರುವುದಕ್ಕಲ್ಲ, ಇಟ್ಟುಕೊಂಡು ನೋಡುವುದಕ್ಕೆ. ಅವುಗಳಲ್ಲಿ ಪ್ರೂಫ್ ಎಂದೊಂದು ಬಗೆಯಿದೆ. ಅದರ ಬಯಲು ಭಾಗ ಕನ್ನಡಿಯಂತೆ ಹೊಳೆಯುತ್ತದೆ, ಚಿತ್ರ ಮಾತ್ರ ಬೆಳ್ಳಗೆ ಮಂಕಾಗಿರುತ್ತದೆ. ಅದನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಿಂದ ಹೊರಗೆ ತೆಗೆಯಬಾರದು, ಬರಿಗೈಯಲ್ಲಿ ಮುಟ್ಟಬಾರದು, ಉಜ್ಜುವುದಂತೂ ಮಾಡಲೇಬಾರದು. ಉಜ್ಜಿದ ಪ್ರೂಫ್ ನಾಣ್ಯವನ್ನು ಸಂಗ್ರಹಿಸುವವರು ತಿರುಗಿಯೂ ನೋಡುವುದಿಲ್ಲ.

ಈ ಪಾಠವನ್ನೆಲ್ಲ ನನಗೆ ಹೇಳಿಕೊಟ್ಟವರು ನೆಮೊತೊ ಸಾನ್. ಹೆಸರಿನ ಮುಂದೆ ಸಾನ್ ಸೇರಿಸುವುದು ನಾವು ‘ಅವರು’ ಎಂದ ಹಾಗೆ. ಏಳು ವರ್ಷದ ಹಿಂದೆ, ಯೋಕೋಹಾಮಾದ ನನ್ನ ಆಫೀಸಿನ ಹತ್ತಿರವಿದ್ದ ನಾಣ್ಯದಂಗಡಿಯಲ್ಲಿ ನಾನು ಒಂದು ಡಾಲರಿಗೆ ಬರಿಗೈ ಹಾಕಹೊರಟಾಗ, ಪಕ್ಕದಲ್ಲಿದ್ದ ಒಬ್ಬ ಮುದುಕರು ತಮ್ಮ ಜೇಬಿನಿಂದ ಹತ್ತಿಯ ಕೈಗವಸು ತೆಗೆದು ಕೊಟ್ಟರು. ಅವರೇ ಇವರು. ಈಗ ಎಪ್ಪತ್ತೆಂಟು ವಯಸ್ಸು. ಕಂಪನಿ ಕೆಲಸದ ಮೇಲೆ ಲಾಸ್ ಏಂಜಲೀಸ್‌ನಲ್ಲಿದ್ದಾಗ 1984ರ ಒಲಿಂಪಿಕ್ಸ್ ಡಾಲರನ್ನು ಕೊಂಡವರು, ಅಲ್ಲಿಂದೀಚೆಗೆ ಬಂದದ್ದನ್ನೆಲ್ಲ ಒಂದೊಂದಾಗಿ ಕೂಡಿಸಿದ್ದಾರೆ. ನನ್ನ ಹತ್ತಿರ ಇರುವುದು ಐದೇ ಐದು. ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ, ಅವರ ಪೆಟ್ಟಿಗೆಗಳನ್ನು ನೋಡಿ, ಅವರು ಮಾಡಿದ ಕಹಿ ಚಹಾ ಕುಡಿದು ಬರುತ್ತಿದ್ದೆ. ನನ್ನನ್ನು ಮನೆಮಗನ ಹಾಗೆ ಕಂಡ ಜಪಾನಿ ಅವರೊಬ್ಬರೇ.

ಕಳೆದ ಜುಲೈ ತಿಂಗಳಲ್ಲಿ ನಾವಿರುವ ಓಜಿಮಾ ಬಡಾವಣೆಯ ಕನ್ನಡದ ಮನೆಗಳವರೆಲ್ಲ ಸೇರಿ ಮಕ್ಕಳಿಗೊಂದು ಹವ್ಯಾಸದ ದಿನ ಇಟ್ಟುಕೊಂಡಿದ್ದರು. ವಸತಿ ಸಂಕೀರ್ಣದ ಸಭಾಂಗಣದಲ್ಲಿ ಒಬ್ಬರು ಅಂಚೆಚೀಟಿ, ಒಬ್ಬರು ಬೋನ್ಸಾಯ್, ನಾನು ನಾಣ್ಯ. ಐದು ನಾಣ್ಯ ಇಟ್ಟುಕೊಂಡು ಏನು ತೋರಿಸುವುದು? ನೆಮೊತೊ ಸಾನ್‌ಗೆ ಹೇಳಿದೆ. ಅವರು ತಾವಾಗಿಯೇ ಆರು ಡಾಲರುಗಳನ್ನು ಆರಿಸಿ ಕೊಟ್ಟರು. ನನಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. 2009ರದ್ದು ಒಂದಿದೆ, ಕುರುಡರ ಲಿಪಿಯನ್ನು ಕಂಡುಹಿಡಿದ ಲೂಯಿ ಬ್ರೈಲ್ ಹುಟ್ಟಿ ಇನ್ನೂರು ವರ್ಷವಾದದ್ದಕ್ಕೆ ತಂದದ್ದು. ಅದರ ಹಿಂಬದಿಯಲ್ಲಿ ಮೂರು ಅಕ್ಷರಗಳ ಬ್ರೈಲ್ ಚುಕ್ಕಿಗಳು ನಿಜವಾಗಿಯೂ ಉಬ್ಬಿಕೊಂಡಿವೆ, ಬೆರಳಿಟ್ಟರೆ ಓದಬಹುದು. ಮಕ್ಕಳಿಗೆ ಅದು ಬಹಳ ಹಿಡಿಸುತ್ತದೆ ಎಂದು ನಾನೇ ಬಾಯಿಬಿಟ್ಟು ಕೇಳಿದೆ.

ಅವರು ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟು ಎದ್ದರು. ಆಮೇಲೆ ಒಳಗಿನಿಂದ ಅದನ್ನು ತಂದು ನನ್ನ ಮುಂದಿಟ್ಟರು. ಚುಕ್ಕಿಗಳ ಪಕ್ಕದ ಕನ್ನಡಿಯಂಥ ಜಾಗದಲ್ಲಿ ಒಂದು ಬೆರಳ ಗುರುತು, ಕಂದುಬಣ್ಣಕ್ಕೆ ತಿರುಗಿತ್ತು.

ಅದು ನಮ್ಮ ಪರಿಚಯಕ್ಕೆ ಮೊದಲೇ ತೀರಿಹೋಗಿದ್ದ ಅವರ ಹೆಂಡತಿ ಫುಮಿಯೆ ಅವರದ್ದು. ಆಕೆ ಮೂವತ್ತು ವರ್ಷ ಊರಿನ ಗ್ರಂಥಾಲಯಕ್ಕಾಗಿ ಪುಸ್ತಕಗಳನ್ನು ಬ್ರೈಲಿಗೆ ಇಳಿಸುವ ಕೆಲಸವನ್ನು ಸಂಬಳವಿಲ್ಲದೆ ಮಾಡಿದವರು. ಕೊನೆಯ ಮೂರು ವರ್ಷ ಮರೆವಿನ ಕಾಯಿಲೆ ಬಂದು ಗಂಡನೇ ಯಾರೆಂದು ತಿಳಿಯುತ್ತಿರಲಿಲ್ಲ. ಒಂದು ದಿನ ನೆಮೊತೊ ಸಾನ್ ಏನೋ ಹೊಳೆದು ಡಬ್ಬಿ ತೆರೆದು ಈ ನಾಣ್ಯವನ್ನು ಆಕೆಯ ಬೆರಳಿಗೆ ಕೊಟ್ಟರು. ಆಕೆ ಕಣ್ಣು ಮುಚ್ಚಿಕೊಂಡು ಮೂರು ಅಕ್ಷರಗಳನ್ನೂ ಸರಿಯಾಗಿ ಓದಿ ಹೇಳಿದರಂತೆ. ಹೇಳಿ, ಶಾಲೆಯಲ್ಲಿ ಉತ್ತರ ಕೊಟ್ಟ ಹುಡುಗಿಯಂತೆ ಗಂಡನ ಮುಖ ನೋಡಿ ನಕ್ಕರಂತೆ.

“ಮಾರುವವರ ಕಣ್ಣಿಗೆ ಇದು ಹಾಳಾದ ನಾಣ್ಯ, ಹರ್ಷ ಸಾನ್,” ಎಂದರು ನೆಮೊತೊ ಸಾನ್. “ನನ್ನ ಕಣ್ಣಿಗೆ ಉಳಿದವೆಲ್ಲ ಬರೀ ಬೆಳ್ಳಿ. ಒಬೊನ್ ಹೊತ್ತಿಗೆ ಹಿಂದಕ್ಕೆ ತಂದುಕೊಡಿ. ಅದನ್ನು ಅವಳ ಫೋಟೊ ಮುಂದೆ ಇಡುತ್ತೇನೆ.”

ಒಬೊನ್ ಎಂದರೆ ಇಲ್ಲಿಯವರ ಪಿತೃಪಕ್ಷ. ಅವರ ಕಡೆಯ ಪದ್ಧತಿಯಂತೆ ಆಗಸ್ಟ್ ಹದಿಮೂರಕ್ಕೆ ಹೋದವರು ಮನೆಗೆ ಬರುತ್ತಾರೆ. ಹನ್ನೆರಡಕ್ಕೆ ತಂದುಕೊಡುತ್ತೇನೆಂದು ಮಾತು ಕೊಟ್ಟು ಏಳನ್ನೂ ತಂದೆ.

ಸಭಾಂಗಣದಲ್ಲಿ ನನ್ನ ಐದು, ಅವರ ಏಳು, ಹನ್ನೆರಡನ್ನೂ ನೀಲಿ ಮಖಮಲ್ಲಿನ ಒಂದೇ ತಟ್ಟೆಯಲ್ಲಿ ಜೋಡಿಸಿದ್ದೆ. ಅಷ್ಟರಲ್ಲೇ ನನ್ನ ಬುದ್ಧಿ ಗೊತ್ತಾಗಬೇಕಿತ್ತು. ನಮ್ಮ ಮಹಡಿಯ ಚಂದ್ರಮೌಳಿ ಬಗ್ಗಿ ನೋಡಿ, “ಗುರು, ಸೂಪರ್ ಕಲೆಕ್ಷನ್. ಎಲ್ಲಾ ನಿಂದೇನಾ?” ಎಂದ. ನಂದೇ ಎಂದೆ. ಬಾಯಿ ಎಷ್ಟು ಸಲೀಸಾಗಿ ತಿರುಗಿತೆಂದರೆ, ಆ ಕ್ಷಣಕ್ಕೆ ನನಗೇ ನಿಜ ಅನ್ನಿಸಿತು. ಮುಂದಿನ ಸಾಲಿನ ಕುರ್ಚಿಯಲ್ಲಿ ನಮ್ಮ ಅತ್ತೆ ಕಾಮಾಕ್ಷಮ್ಮ ಕೂತಿದ್ದರು. ಮಗಳ ಮನೆಯಲ್ಲಿ ಮೂರು ತಿಂಗಳು ಇರಲೆಂದು ಮೈಸೂರಿನಿಂದ ಬಂದಿದ್ದರು. ಮಾವನವರು ವಿಮಾನ ಹತ್ತಲು ಒಪ್ಪದೆ ಊರಲ್ಲೇ ಉಳಿದಿದ್ದರು. ಅತ್ತೆಯ ಮುಖದಲ್ಲಿ ಅಳಿಯನ ಬಗ್ಗೆ ಅಷ್ಟು ಹೆಮ್ಮೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ.

ಮನೆಗೆ ಬಂದ ಮೇಲೆ ಅವರು ಇನ್ನೊಮ್ಮೆ ಕೇಳಿದರು. “ಹನ್ನೆರಡೂ ನಿಮ್ದೇನಾ ಅಳಿಯಂದ್ರೇ?”

“ಹ್ಞೂ ಅತ್ತೆ. ಎಲ್ಲಾ ನಮ್ದೇ.”

ಅಲ್ಲಿ ಯಾವ ಚಂದ್ರಮೌಳಿಯೂ ಇರಲಿಲ್ಲ. ನಿಜ ಹೇಳಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆ ಹೆಮ್ಮೆಯ ಮುಖವನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ, ಅಷ್ಟೆ.

ಆಗಸ್ಟ್ ಎಂಟು ವರಮಹಾಲಕ್ಷ್ಮಿ ಹಬ್ಬ. ನನ್ನ ಹೆಂಡತಿ ಜ್ಯೋತ್ಸ್ನಾ ವಾಕೋ ಎಂಬ ಊರಿನ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಅವತ್ತು ಬೆಳಿಗ್ಗೆ ಬೇಗ ಪೂಜೆ ಮುಗಿಸಿ, ಲ್ಯಾಬಿನ ಕೆಲಸಕ್ಕೆಂದು ವಾರದ ಮಟ್ಟಿಗೆ ಸಪ್ಪೊರೊಗೆ ಹೊರಟುಹೋದಳು. ನಾನು ಪೂಜೆಗೂ ನಿಲ್ಲದೆ ಆಫೀಸಿಗೆ ಓಡಿದ್ದೆ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ದೇವರಿಗೆ ನಮಸ್ಕಾರ ಮಾಡಲು ಬಗ್ಗಿದೆ. ಕಳಶದ ಮುಂದೆ, ಅರಿಸಿನದ ಕೊಂಬು, ಬಳೆ, ಐದು ಬಗೆಯ ಹಣ್ಣುಗಳ ಪಕ್ಕದಲ್ಲಿ ಒಂದು ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಹನ್ನೆರಡು ಡಾಲರುಗಳು ಫಳಫಳ ಹೊಳೆಯುತ್ತಿದ್ದವು. ಒಂದೊಂದರ ಮೇಲೂ ಒಂದೊಂದು ಕುಂಕುಮದ ಬೊಟ್ಟು.

ತಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದೆ.

“ಹೆಂಗಿದೆ ನೋಡಿ,” ಎಂದರು ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು. “ಮಗಳು ಹೊರಟ ಮೇಲೆ ನೆನಪಾಗಿ ಡಬ್ಬಿಗಳಿಂದ ತೆಗೆದೆ. ಒಂದೆರಡು ಕಪ್ಪಿಟ್ಟಿದ್ವು. ಒಂದರ ಮೇಲಂತೂ ಯಾರದ್ದೋ ಬೆರಳಿನ ಕೊಳೆ ಕೂತುಬಿಟ್ಟಿತ್ತು. ವಿಭೂತಿ ಹಾಕಿ ಉಜ್ಜಿ ಉಜ್ಜಿ ತೆಗೆದೆ. ಮನೇಲಿ ಅಷ್ಟು ಬೆಳ್ಳಿ ಇಟ್ಕೊಂಡು ಲಕ್ಷ್ಮಿ ಮುಂದೆ ಇಡದಿದ್ರೆ ಹೆಂಗೆ?”

ನಮ್ಮ ಕಡೆ ಯಾವ ಮನೆಯಲ್ಲಾದರೂ ಹಬ್ಬದ ಹಿಂದಿನ ದಿನ ಬೆಳ್ಳಿಯನ್ನು ಹೀಗೆಯೇ ಉಜ್ಜುತ್ತಾರೆ. ಮಂಕಾದ ಬೆಳ್ಳಿಯನ್ನು ದೇವರ ಮುಂದಿಡುವುದು ಮನೆಯ ಹೆಂಗಸಿಗೆ ಅವಮಾನ. ಅವರು ಮಾಡಿದ್ದು ತಪ್ಪಲ್ಲ. ಇದೆಲ್ಲ ನನಗೆ ಆಗಲೂ ಗೊತ್ತಿತ್ತು, ಆದರೂ ಕೂಗಾಡಿದೆ. ಯಾರು ಮುಟ್ಟಕ್ಕೆ ಹೇಳಿದ್ದು, ಕೇಳಬೇಕು ಅನ್ನೋ ಸೆನ್ಸ್ ಬೇಡವಾ, ಏಳು ನಾಣ್ಯ ಬೇರೆಯವರದ್ದು ಎಂದು ಒಂದೇ ಉಸಿರಿಗೆ ಹೇಳಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರೆದುರು ನಾನು ದನಿ ಎತ್ತಿದ್ದು ಅದೇ ಮೊದಲು.

ಅತ್ತೆ ಕುರ್ಚಿ ಹಿಡಿದುಕೊಂಡು ನಿಂತರು. “ಎಲ್ಲಾ ನಮ್ದೇ ಅಂದಿದ್ರಲ್ಲ?” ಎಂದರು ಮೆಲ್ಲಗೆ.

“ಈಗ ಅದೆಲ್ಲ ಬೇಡ ಬಿಡಿ,” ಎಂದೆ.

ಬ್ರೈಲ್ ಡಾಲರನ್ನು ಕಿಟಕಿಯ ಹತ್ತಿರ ಒಯ್ದು ಓರೆ ಹಿಡಿದು ನೋಡಿದೆ. ಕನ್ನಡಿಯಿದ್ದ ಕಡೆ ಈಗ ಸಣ್ಣ ಸಣ್ಣ ಗೆರೆಗಳು. ಬೆರಳ ಗುರುತಿನ ಒಂದು ಸುಳಿಯೂ ಉಳಿದಿರಲಿಲ್ಲ. ಉಳಿದ ಆರನ್ನು ಹೇಗಾದರೂ ಹುಡುಕಿ ತಂದುಕೊಡಬಹುದು. ಇದೇ ಬ್ರೈಲ್ ಡಾಲರೂ ಬೇಕಾದಷ್ಟು ಸಿಗುತ್ತದೆ. ಅದರ ಮೇಲೆ ನನ್ನದೇ ಬೆರಳನ್ನು ಒತ್ತಿಬಿಟ್ಟರೆ? ಇಂಥ ಯೋಚನೆಯೂ ಬಂತು. ಬಂದದ್ದು ಮಾತ್ರವಲ್ಲ, ಬೆರಳ ಗುರುತು ಕಂದುಬಣ್ಣಕ್ಕೆ ತಿರುಗಲು ಎಷ್ಟು ದಿನ ಬೇಕೆಂದು ಫೋನಿನಲ್ಲಿ ಹುಡುಕಿಯೂ ನೋಡಿದೆ. ಎಷ್ಟೋ ತಿಂಗಳು, ಕೆಲವೊಮ್ಮೆ ವರ್ಷಗಳೇ ಬೇಕು ಎಂದಿತ್ತು. ನಾಲ್ಕು ದಿನದಲ್ಲಿ ಆಗಿಬಿಡುವಂತಿದ್ದರೆ ನಾನು ಏನು ಮಾಡುತ್ತಿದ್ದೆನೋ, ಹೇಳಲಾರೆ.

ಫುಮಿಯೆ ಅವರ ವಿಷಯ ಅತ್ತೆಗೆ ಹೇಳಲೇಬೇಕಾಯಿತು. ಕೇಳಿ ಅವರು ತಮ್ಮ ಬೆರಳುಗಳನ್ನೇ ತಿರುವಿ ನೋಡಿಕೊಂಡರು. ಆಮೇಲೆ, “ನಾನೂ ಬರ್ತೀನಿ,” ಎಂದರು.

“ಬೇಡ ಅತ್ತೆ. ನಾನು ಮ್ಯಾನೇಜ್ ಮಾಡ್ತೀನಿ.”

“ಉಜ್ಜಿದ ಕೈ ನಂದು. ನೀವು ಹೋಗಿ ಕ್ಷಮೆ ಕೇಳೋದು ಏನು ಚೆಂದ?”

ಹನ್ನೆರಡನೆಯ ತಾರೀಖು ಇಬ್ಬರೂ ರೈಲು ಹತ್ತಿದೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಹಿಂದಿನ ದಿನ ಕೂತು ಕಟ್ಟಿದ ರವೆ ಉಂಡೆಯ ಡಬ್ಬಿ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ತುಟಿ ಅಲುಗಿಸುತ್ತ ಏನು ಹೇಳಬೇಕೆಂದು ತಾಲೀಮು ಮಾಡುತ್ತಿದ್ದರು. ನಾನೂ ನನ್ನ ತಾಲೀಮು ಮಾಡುತ್ತಿದ್ದೆ. ಎಲ್ಲ ನನ್ನದೇ ಎಂದು ಸುಳ್ಳು ಹೇಳಿದ್ದೆ, ಅದಕ್ಕೇ ಹೀಗಾಯಿತು. ಜಪಾನಿಯಲ್ಲಿ ಹೇಳಿದರೆ ಎರಡು ಸಣ್ಣ ವಾಕ್ಯ. ಯೋಕೋಹಾಮಾ ಬರುವಷ್ಟರಲ್ಲಿ ಬಾಯಿಪಾಠವಾಗಿತ್ತು.

ನೆಮೊತೊ ಸಾನ್ ಮನೆ ದಿಬ್ಬದ ಮೇಲಿದೆ. ಚಾಪೆಯ ಕೋಣೆಯಲ್ಲಿ ಕಪಾಟಿನಂಥ ದೇವರಗೂಡು, ಅದರಲ್ಲಿ ಫುಮಿಯೆ ಅವರ ಫೋಟೊ, ಹಬ್ಬಕ್ಕೆಂದು ತಂದಿಟ್ಟ ಹೂವು, ಹಣ್ಣು. ಫೋಟೊದ ಮುಂದೆ ಒಂದು ಅಂಗೈಯಷ್ಟು ಜಾಗವನ್ನು ಖಾಲಿ ಬಿಟ್ಟಿದ್ದರು. ನಾನು ನಾಣ್ಯದ ಏಳು ಡಬ್ಬಿಗಳನ್ನೂ ಅವರ ಮುಂದಿಟ್ಟು ಹಣೆ ಚಾಪೆಗೆ ತಾಗುವಂತೆ ಬಗ್ಗಿ, ಅನಾಹುತವಾಗಿದೆ ಎಂದೆ. ಅವರು ಬ್ರೈಲ್ ನಾಣ್ಯವನ್ನಷ್ಟೇ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿದರು. ಮತ್ತೆ ಕೆಳಗಿಟ್ಟರು. ಇಟ್ಟ ಮೇಲೂ ಕೈ ಹಿಂತೆಗೆಯಲಿಲ್ಲ.

ಅತ್ತೆ ಕೈಮುಗಿದು ಮಾತಾಡಿದರು. ತಾವು ಉಜ್ಜಿದ್ದು, ಹಬ್ಬ, ಲಕ್ಷ್ಮಿ, ಬೆಳ್ಳಿ ಮಂಕಾಗಿರಬಾರದೆಂಬ ನಮ್ಮ ಪದ್ಧತಿ, ಎಲ್ಲವನ್ನೂ ಹೇಳಿದರು. “ಮನೆಯದ್ದೇ ಅಂದ್ಕೊಂಡಿದ್ದೆ. ಬೇರೆಯವರ ಸಾಮಾನು ಅಂತ ಗೊತ್ತಿದ್ರೆ ಖಂಡಿತ ಮುಟ್ತಿರಲಿಲ್ಲ. ನಿಮ್ಮ ಮನೆಯವರ ಗುರುತನ್ನ ನನ್ನ ಕೈಯಾರೆ ಅಳಿಸಿಬಿಟ್ಟೆ. ಏನು ಮಾಡಿದ್ರೂ ವಾಪಸ್ ತರಕ್ಕಾಗಲ್ಲ,” ಎಂದು ಹೇಳುವಾಗ ದನಿ ಒಡೆಯಿತು.

ನಾನು ಅನುವಾದ ಮಾಡಿದೆ. ಹಬ್ಬವನ್ನು ಹೇಳಿದೆ, ಪದ್ಧತಿಯನ್ನು ಹೇಳಿದೆ, ಅವರ ದುಃಖವನ್ನು ಹೇಳಿದೆ. ಮನೆಯದ್ದೇ ಅಂದುಕೊಂಡಿದ್ದೆ ಎಂಬ ಮಾತನ್ನು ಮಾತ್ರ ನುಂಗಿದೆ.

ನೆಮೊತೊ ಸಾನ್ ನನ್ನ ಕಡೆ ತಿರುಗಿದರು. “ಇವು ನನ್ನವು ಎಂದು ಅವರಿಗೆ ಹೇಳಿರಲಿಲ್ಲವೇ, ಹರ್ಷ ಸಾನ್?”

ಅವರ ದನಿಯಲ್ಲಿ ಕೋಪವಿತ್ತು. ಏಳು ವರ್ಷದಲ್ಲಿ ಕೇಳಿರದ ಕೋಪ. ಬಾಯಿಪಾಠ ಮಾಡಿದ್ದ ಎರಡು ವಾಕ್ಯವೂ ಎಲ್ಲಿ ಹೋದವೋ.

“ಹೇಳಿದ್ದೆ,” ಎಂದೆ. “ಆದರೆ ಅತ್ತೆಗೆ ಈಚೆಗೆ ಸ್ವಲ್ಪ ಮರೆವು...”

ಜಪಾನಿಯಲ್ಲಿ ವಾಕ್ಯವನ್ನು ಪೂರ್ತಿ ಮಾಡಬೇಕಾಗಿಲ್ಲ. ಅರ್ಧ ಹೇಳಿ ತಲೆ ತಗ್ಗಿಸಿದರೆ ಕೇಳುವವರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ, ಅದನ್ನೇ ಇಲ್ಲಿ ಮರ್ಯಾದೆ ಎನ್ನುತ್ತಾರೆ. ಒಂಬತ್ತು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಅದೊಂದನ್ನೇ.

ನೆಮೊತೊ ಸಾನ್ ಮುಖದಿಂದ ಕೋಪ ಹೊರಟುಹೋಯಿತು. ಮೊಣಕಾಲ ಮೇಲೆಯೇ ಸರಿದು ಅತ್ತೆಯ ಎದುರು ಬಂದು ಕೂತರು. ಎದೆಯ ಮೇಲೆ ಕೈಯಿಟ್ಟುಕೊಂಡು, ನಿಧಾನವಾಗಿ, ಮೃದುವಾಗಿ, “ನೆಮೊತೊ,” ಎಂದರು. ಅತ್ತೆ ಕಣ್ಣು ಒರೆಸಿಕೊಳ್ಳುತ್ತ, “ನೆಮೊತೊ ಸಾನ್,” ಎಂದರು. ಭೇಷ್ ಎಂಬಂತೆ ಅವರು ತಲೆಯಾಡಿಸಿದರು. ಆಮೇಲೆ ಎದ್ದು ದೇವರಗೂಡಿನ ಕೆಳಗಿನ ಖಾನೆಯಿಂದ ಒಂದು ಬಟ್ಟೆಯ ಚೀಲ ತೆಗೆದರು. ಕೊರಳಿಗೆ ಹಾಕಿಕೊಳ್ಳುವ ದಾರ, ಮುಂದೆ ಪ್ಲಾಸ್ಟಿಕ್ಕಿನ ಕಿಟಕಿ, ಒಳಗೊಂದು ಕಾರ್ಡು. ಫುಮಿಯೆ ಹೊರಗೆ ಹೋಗುವಾಗ ಹಾಕಿಕೊಳ್ಳುತ್ತಿದ್ದದ್ದು. ಹಳೆಯ ಕಾರ್ಡನ್ನು ತೆಗೆದು ಹೊಸದರ ಮೇಲೆ ಪೆನ್ನಿನಿಂದ ದುಂಡಗೆ ಹೀಗೆ ಬರೆದರು: ನನಗೆ ಮರೆವಿನ ಕಾಯಿಲೆ ಇದೆ. ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ.

“ನಿಮ್ಮ ನಂಬರ್ ಹೇಳಿ, ಹರ್ಷ ಸಾನ್,” ಎಂದರು.

ಹೇಳಿದೆ. ಒಂದೊಂದೇ ಅಂಕಿ ಹೇಳಿದೆ, ಅವರು ಒಂದೊಂದಾಗಿ ಬರೆದುಕೊಂಡರು. ಭೂಮಿ ಬಾಯಿಬಿಡಬಾರದೇ ಎನ್ನುವ ಮಾತನ್ನು ಎಷ್ಟೋ ಸಲ ಕೇಳಿದ್ದೆ, ಅವತ್ತು ನಿಜಕ್ಕೂ ಹಾಗೆ ಬೇಡಿಕೊಂಡೆ.

ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟರು. ಅತ್ತೆ ಕಣ್ಣಿಗೊತ್ತಿಕೊಂಡರು. “ಏನು ಅಳಿಯಂದ್ರೇ ಇದು?”

“ಒಂಥರಾ ರಕ್ಷೆ ಅತ್ತೆ. ಒಳ್ಳೇದಾಗ್ಲಿ ಅಂತ.”

“ಇಷ್ಟು ದೊಡ್ಡ ತಪ್ಪು ಮಾಡಿದೋಳಿಗೆ ರಕ್ಷೆ ಕೊಟ್ಟು ಕಳಿಸ್ತಿದ್ದಾರಲ್ಲ,” ಎಂದು ಅಲ್ಲೇ ಕೊರಳಿಗೆ ಹಾಕಿಕೊಂಡರು.

ಮುಂದಿನ ಮೂರು ದಿನ ಅದನ್ನು ಅವರು ತೆಗೆಯಲಿಲ್ಲ. ಪಾರ್ಕಿಗೆ ಹಾಕಿಕೊಂಡು ಹೋದರು, ಹಾಲು ತರಲು ಕೊಂಬಿನಿಗೆ, ಅಂದರೆ ಇಲ್ಲಿಯ ದಿನಬಳಕೆಯ ಅಂಗಡಿಗೆ, ಹಾಕಿಕೊಂಡು ಹೋದರು. ಕೊಂಬಿನಿಯ ಹುಡುಗಿ ಚಿಲ್ಲರೆಯನ್ನು ಎರಡೆರಡು ಸಲ ಎಣಿಸಿ ಅಂಗೈಯಲ್ಲಿಟ್ಟು ಬೆರಳು ಮಡಚಿ ಕೊಟ್ಟಳಂತೆ. ಒಬ್ಬ ಪೊಲೀಸು ಲಿಫ್ಟಿನ ತನಕ ಜೊತೆಗೆ ಬಂದು ಬಿಟ್ಟುಹೋದನಂತೆ. “ಎಷ್ಟು ಮರ್ಯಾದೆಯ ಜನ ಇಲ್ಲಿ. ವಯಸ್ಸಾದೋರನ್ನ ಕಂಡ್ರೆ ಎಷ್ಟು ಅಕ್ಕರೆ,” ಎಂದು ರಾತ್ರಿ ಊಟಕ್ಕೆ ಬಡಿಸುತ್ತ ಹೇಳಿದರು. ತೆಗೆದಿಡಿ ಅನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಸುಮ್ಮನಾದೆ.

ಶುಕ್ರವಾರ ಸಂಜೆ ಜ್ಯೋತ್ಸ್ನಾ ಸಪ್ಪೊರೊದಿಂದ ಬಂದಳು. ಬಾಗಿಲು ತೆರೆದ ತಾಯಿಯ ಕೊರಳನ್ನು ನೋಡಿದವಳು ಸೂಟ್‌ಕೇಸನ್ನು ಹೊರಗೇ ಬಿಟ್ಟಳು. ಅವಳ ಜಪಾನಿ ನನ್ನದಕ್ಕಿಂತ ಚೆನ್ನಾಗಿದೆ. ಓದಲು ಎರಡು ಸೆಕೆಂಡೂ ಬೇಕಾಗಲಿಲ್ಲ.

“ಅಮ್ಮಾ, ಇದನ್ನ ಯಾರು ಹಾಕಿದ್ದು ನಿನಗೆ?”

“ನೆಮೊತೊ ಸಾನ್ ಕಣೇ. ರಕ್ಷೆಯಂತೆ.”

“ರಕ್ಷೆ ಅಂತ ಯಾರು ಹೇಳಿದ್ದು?”

ಅತ್ತೆ ನನ್ನ ಕಡೆ ನೋಡಿದರು. ಜ್ಯೋತ್ಸ್ನಾ ಕೂಡ ನೋಡಿದಳು. ಅವಳು ಕಾರ್ಡನ್ನು ಕನ್ನಡದಲ್ಲಿ ಓದಿ ಹೇಳಿದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಸಭಾಂಗಣದಲ್ಲಿ ಹೇಳಿದ್ದರಿಂದ ಹಿಡಿದು ನೆಮೊತೊ ಸಾನ್ ಮನೆಯಲ್ಲಿ ಹೇಳಿದ್ದರ ತನಕ ಎಲ್ಲವನ್ನೂ ನಾನು ನೆಲ ನೋಡುತ್ತ ಹೇಳಿದೆ.

“ಛೀ,” ಎಂದಳು ಜ್ಯೋತ್ಸ್ನಾ. ಈಗಲೇ ಫೋನ್ ಮಾಡಿ ಅವರಿಗೆ ನಿಜ ಹೇಳಿ ಎಂದು ನನ್ನ ಫೋನನ್ನು ತೆಗೆದು ಕೈಗೆ ಕೊಟ್ಟಳು.

ಅತ್ತೆ ಸೋಫಾದ ಅಂಚಿನಲ್ಲಿ ಕೂತಿದ್ದರು. ದಾರವನ್ನು ಕೊರಳಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಆ ಅಕ್ಷರಗಳನ್ನೇ ನೋಡುತ್ತಿದ್ದರು. ಕೊಂಬಿನಿಯ ಹುಡುಗಿ, ಪೊಲೀಸು, ಎಲ್ಲರನ್ನೂ ಅವರು ಮತ್ತೊಮ್ಮೆ ನೆನೆಸಿಕೊಳ್ಳುತ್ತಿದ್ದಾರೆಂದು ನನಗೆ ಗೊತ್ತಾಯಿತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಫೋನ್ ಬೇಡ,” ಎಂದರು ಕೊನೆಗೆ.

“ಅಮ್ಮಾ, ನಿನಗೆ ಹುಚ್ಚಾ?”

“ನೀನು ಸುಮ್ನಿರೆ. ಅಳಿಯಂದ್ರು ಈ ಊರಲ್ಲಿ ಬಾಳಬೇಕಾದೋರು. ಆ ಹಿರಿಯರು ಇವರನ್ನ ಮಗನ ಥರ ನೋಡ್ಕೋತಾರೆ. ಅವರ ಕಣ್ಣಲ್ಲಿ ಇವರು ಯಾಕೆ ಚಿಕ್ಕೋರಾಗಬೇಕು? ನಾನು ಇನ್ನು ಹದಿನೈದು ದಿನಕ್ಕೆ ಹೊರಡೋಳು. ಮರೆವು ಅಂದ್ರೆ ಮರೆವು. ನನಗೇನು ಅಲ್ಲಿ ವಧೂಪರೀಕ್ಷೆ ಇದ್ಯಾ?”

ನಗಿಸಲೆಂದು ಹೇಳಿದ್ದು. ಯಾರೂ ನಗಲಿಲ್ಲ. ಅವರಿಗೆ ಮುಜುಗರವಾಗದಿರಲೆಂದು ನಾನಾದರೂ ನಗಬೇಕಿತ್ತು. ಅದೂ ಆಗಲಿಲ್ಲ. ನಾಚಿಕೆಗೇಡಿನ ವಿಷಯವೆಂದರೆ, ಆ ಮಾತು ಕೇಳಿದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಫೋನನ್ನು ಮೇಜಿನ ಮೇಲಿಟ್ಟೆ. ನಾಳೆ ಮಾಡುತ್ತೇನೆ ಎಂದೆ. ಎರಡು ವಾರ ದಿನವೂ ನಾಳೆ ಎಂದೆ. ಜ್ಯೋತ್ಸ್ನಾ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಅತ್ತೆ ಮೊದಲಿನ ಹಾಗೆಯೇ ನನ್ನ ಡಬ್ಬಿಗೆ ಚಪಾತಿ ಹಾಕುತ್ತಿದ್ದರು.

ಅವರು ಹೊರಡುವ ದಿನವನ್ನು ನೆಮೊತೊ ಸಾನ್ ನನ್ನಿಂದ ಮೆಸೇಜಿನಲ್ಲಿ ಕೇಳಿ ತಿಳಿದುಕೊಂಡಿದ್ದರು. ಯಾಕೆಂದು ನಾನು ಯೋಚಿಸಲಿಲ್ಲ. ನರಿತಾ ವಿಮಾನನಿಲ್ದಾಣದಲ್ಲಿ ನಾವು ಲಗೇಜಿನ ಸಾಲಿನಲ್ಲಿ ನಿಂತಿದ್ದಾಗ, ಕೋಟು ಹಾಕಿಕೊಂಡು, ಕೈಯಲ್ಲೊಂದು ಸಿಹಿಯ ಪೊಟ್ಟಣ ಹಿಡಿದು ಅವರು ಬರುತ್ತಿರುವುದು ಕಂಡಿತು. ಯೋಕೋಹಾಮಾದಿಂದ ಎರಡು ಗಂಟೆಯ ದಾರಿ. ಸೆಖೆಗೆ ಮುಖವೆಲ್ಲ ಬೆವರು. ನಾನು ಅತ್ತೆಯ ಕಡೆ ತಿರುಗಿದೆ. ಅವರೂ ಕಂಡಿದ್ದರು. ಕೈಚೀಲದ ಒಳಗೆ ಕೈಹಾಕಿ ಏನನ್ನೋ ಹುಡುಕಿ ತೆಗೆದು ಕೊರಳಿಗೆ ಹಾಕಿಕೊಂಡರು. ಆ ಕಾರ್ಡು.

“ಒಕಾಸಾನ್,” ಎಂದು ನೆಮೊತೊ ಸಾನ್ ತಲೆಬಾಗಿದರು. ಅಮ್ಮ ಎಂದು ಕರೆದದ್ದು.

ಅತ್ತೆ ಅವರ ಮುಖವನ್ನು ನೋಡಿದರು. ಪೂರ್ತಿ ಖಾಲಿ ನೋಟ. ಆಮೇಲೆ ಅಪರಿಚಿತರಿಗೆ ನಗುವಂತೆ ಒಂದಿಷ್ಟು ನಕ್ಕು ನನ್ನ ತೋಳು ಹಿಡಿದುಕೊಂಡರು. “ಇವರು ಯಾರು ಅಳಿಯಂದ್ರೇ? ಎಲ್ಲಿಯೋ ನೋಡಿದ ಹಾಗಿದೆ. ಕೇಳಿ ಹೇಳಿ.”

ಜ್ಯೋತ್ಸ್ನಾ ಬಾಯಿಗೆ ಕೈ ಅಡ್ಡ ಹಿಡಿದಳು.

ಅನುವಾದವೇ ಬೇಕಾಗಲಿಲ್ಲ. ಮೂರು ವರ್ಷ ದಿನವೂ ಕೇಳಿದ ಪ್ರಶ್ನೆಯನ್ನು ಯಾವ ಭಾಷೆಯಲ್ಲಿ ಕೇಳಿದರೂ ಅವರಿಗೆ ಅರ್ಥವಾಗುತ್ತಿತ್ತು. ನೆಮೊತೊ ಸಾನ್ ಕಣ್ಣು ತುಂಬಿಕೊಂಡವು. ಆದರೂ ಅಭ್ಯಾಸವಾದವರಂತೆ ಎದೆಯ ಮೇಲೆ ಕೈಯಿಟ್ಟು, ಇದೇ ಮೊದಲ ಸಲ ಭೇಟಿಯಾದವರ ಹಾಗೆ, ನಿಧಾನವಾಗಿ, “ನೆಮೊತೊ,” ಎಂದರು.

ಅತ್ತೆ ನನ್ನ ತೋಳನ್ನು ಬಿಟ್ಟಿರಲಿಲ್ಲ. ಅರವತ್ತೆಂಟು ವರ್ಷದ ಹೆಂಗಸು, ಒಂದು ಸುಳ್ಳೂ ಸರಿಯಾಗಿ ಆಡಲು ಬಾರದವರು, ನನಗಾಗಿ ಸಾಲಿನ ಮಧ್ಯೆ ನಿಂತು ವೇಷ ಹಾಕಿದ್ದರು. ಎದುರಿಗೆ ಆ ಮುದುಕರು ತಮ್ಮ ಹೆಂಡತಿಯನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತಿದ್ದರು. ಇಬ್ಬರ ನಡುವೆ ನಾನು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದೆ.

“ನೆಮೊತೊ ಸಾನ್,” ಎಂದೆ. “ಅತ್ತೆಗೆ ಮರೆವಿಲ್ಲ. ಅವರಿಗೆ ಎಲ್ಲ ನೆನಪಿದೆ. ನಾಣ್ಯಗಳು ನಿಮ್ಮವು ಎಂದು ನಾನು ಅವರಿಗೆ ಹೇಳಿರಲಿಲ್ಲ. ಎಲ್ಲ ನನ್ನವೇ ಎಂದು ಹೇಳಿದ್ದೆ. ನಿಮ್ಮ ಮುಂದೆ ಅವರ ಮೇಲೆ ತಪ್ಪು ಹೊರಿಸಿದೆ. ಈಗ ಅವರು ನಟಿಸುತ್ತಿರುವುದೂ ನನ್ನ ಮಾನ ಉಳಿಸುವುದಕ್ಕೆ.”

ಒಂದು ವಾಕ್ಯವನ್ನೂ ಅರ್ಧಕ್ಕೆ ಬಿಡಲಿಲ್ಲ. ಹಿಂದಿನವರು ತಮ್ಮ ಸೂಟ್‌ಕೇಸನ್ನು ನಮ್ಮ ಪಕ್ಕದಿಂದ ಮುಂದಕ್ಕೆ ತಳ್ಳಿಕೊಂಡು ಹೋದರು. ನೆಮೊತೊ ಸಾನ್ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ಅದನ್ನು ಮಡಚಿ ಜೇಬಿಗಿಟ್ಟರು. ಆಮೇಲೆ ಹೇಳಿದರು, “ಈಗ ನನಗೆ ಹೇಳಿದ್ದನ್ನು ಅವರಿಗೆ ಅವರ ಭಾಷೆಯಲ್ಲಿ ಹೇಳಿ. ಏನನ್ನೂ ಬಿಡಬೇಡಿ.”

ಹೇಳಿದೆ. ನನ್ನ ಮಾತನ್ನು ನಾನೇ ಕನ್ನಡಕ್ಕೆ ತಂದು ಅತ್ತೆಯ ಮುಖ ನೋಡಿ ಹೇಳಿದೆ. ಅವರು ನನ್ನ ತೋಳಿನಿಂದ ಕೈ ತೆಗೆದರು.

“ಯಾಕೆ ಹೇಳಕ್ಕೆ ಹೋದ್ರಿ?” ಎಂದರು. “ನಾನು ಅಷ್ಟು ಕಷ್ಟಪಟ್ಟು ಮಾಡ್ತಿದ್ನಲ್ಲ.”

ಏನಂದರು ಎಂದು ನೆಮೊತೊ ಸಾನ್ ಕೇಳಿದರು. ಅದನ್ನೂ ಹೇಳಿದೆ. ಅವರು ಅತ್ತೆಯ ಮುಂದೆ ಸೊಂಟದ ತನಕ ಬಗ್ಗಿದರು, ಎಣಿಸಿದರೆ ಹತ್ತು ಎಣಿಸಬಹುದಾದಷ್ಟು ಹೊತ್ತು ಹಾಗೆಯೇ ಇದ್ದರು. ಅತ್ತೆ ಕಾರ್ಡನ್ನು ತೆಗೆದು ಎರಡೂ ಕೈಯಲ್ಲಿ ಅವರಿಗೆ ಹಿಂದಕ್ಕೆ ಕೊಟ್ಟು, “ನೆಮೊತೊ ಸಾನ್, ಸುಮಿಮಾಸೆನ್,” ಎಂದರು. ಕ್ಷಮಿಸಿ ಎಂದು. ಅವರು ಸಿಹಿಯ ಪೊಟ್ಟಣವನ್ನು ಅತ್ತೆಯ ಕೈಯಲ್ಲಿಟ್ಟರು, ಜ್ಯೋತ್ಸ್ನಾಗೆ ಬರುತ್ತೇನೆ ಎಂದರು.

ಕೊನೆಗೆ ನನ್ನ ಕಡೆ ತಿರುಗಿ, ಕೈಗಳನ್ನು ಪಕ್ಕಕ್ಕೆ ನೇರವಾಗಿಟ್ಟುಕೊಂಡು, ಅಂಗಡಿಯವರು ಗುರುತಿಲ್ಲದ ಗಿರಾಕಿಗೆ ಬಾಗುವಷ್ಟು ಅಳತೆಯಾಗಿ ಬಾಗಿದರು. ಮನೆಮಗನಿಗೆ ಇಲ್ಲಿ ಯಾರೂ ಹಾಗೆ ಬಾಗುವುದಿಲ್ಲ. ಏಳು ವರ್ಷದಲ್ಲಿ ಅವರು ನನಗೆ ಹಾಗೆ ತಲೆಬಾಗಿದ್ದು ಅದೇ ಮೊದಲು.